ಕಿಟ್ಟೆಲ್ ಹುಟ್ಟೂರಿನಲ್ಲಿ ನೀರಿನ ಲೆಕ್ಕ

ರೆಸ್ಟರ್‌ಹಾಫೆ ಅಂದರೆ ಜರ್ಮನಿಯವರೇ ಅದೆಲ್ಲಿದೆ ಎಂದು ಕೇಳುತ್ತಾರೆ. ದೇಶದ ವಾಯವ್ಯ ತುದಿಯ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ, ಉತ್ತರ ಸಮುದ್ರದಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆಯ ದೂರದಲ್ಲಿರುವ ಹಳ್ಳಿ ಅದು. ಈಗ ಡೋರ್ನುಮ್ ಪಂಚಾಯಿತಿಗೆ ಸೇರಿದೆ. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಇಲ್ಲೇ. ಕನ್ನಡಿಗರು ಇಷ್ಟು ದೂರ ಬರುವುದಿದ್ದರೆ ಆ ಒಂದು ಕಾರಣಕ್ಕೆ. ಕಿಟ್ಟೆಲ್ ಪ್ರತಿಮೆ ನೋಡಬೇಕು ಅನ್ನುವವರಿಗೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯೇ ಸಾಕು. ಇಲ್ಲಿ ನೋಡಬೇಕಾದ್ದು ನೆಲವನ್ನು. ಒಡ್ಡು ಕಟ್ಟಿ, ತೂಬು ಇಟ್ಟು, ದಿನಕ್ಕೆರಡು ಸಲ ನೀರು ಹೊರಗೆ ಬಿಟ್ಟು ಉಳಿಸಿಕೊಂಡ ನೆಲ ಇದು. ಊರಿನ ಚರಿತ್ರೆ ಅಂತ ಇರುವುದೆಲ್ಲ ಆ ಕೆಲಸದ ಚರಿತ್ರೆ.

ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಬೇಸಿಗೆಯ ಜನಜಂಗುಳಿ ಕರಗಿರುತ್ತದೆ, ಹಡಗು ಮತ್ತು ಮ್ಯೂಸಿಯಂ ರೈಲು ಇನ್ನೂ ಓಡುತ್ತಿರುತ್ತವೆ, ಮೆಕ್ಕೆಜೋಳದ ಕಟಾವು ನಡೆದಿರುತ್ತದೆ. ಹ್ಯಾನೋವರ್ ಅಥವಾ ಬ್ರೆಮೆನ್‌ನಿಂದ ನಾರ್ಡೈಶ್ ಕಡೆಗೆ ಹೋಗುವ ಪ್ರಾದೇಶಿಕ ರೈಲು ಹಿಡಿದು ನಾರ್ಡನ್‌ನಲ್ಲಿ ಇಳಿದರಾಯಿತು, ನಡುವೆ ಬದಲಾಯಿಸಬೇಕಿಲ್ಲ. ತಿಂಗಳ ಪಾಸ್ ಆಗಿರುವ ಡಾಯ್ಚ್‌ಲಾಂಡ್ ಟಿಕೆಟ್ ಈ ರೈಲಿಗೂ ಹಳ್ಳಿ ಬಸ್ಸಿಗೂ ನಡೆಯುತ್ತದೆ. ಮ್ಯೂಸಿಯಂ ರೈಲಿಗೂ ದ್ವೀಪದ ಹಡಗಿಗೂ ಬೇರೆ ಚೀಟಿ.

ಮೊದಲ ದಿನ: ನಾರ್ಡನ್‌ನಿಂದ ಡೋರ್ನುಮ್

ಭಾನುವಾರವನ್ನೇ ಆರಿಸಿಕೊಂಡದ್ದು ಹಳೇ ರೈಲಿಗಾಗಿ. ನಾರ್ಡನ್‌ನಿಂದ ಡೋರ್ನುಮ್‌ವರೆಗಿನ ಸುಮಾರು 17 ಕಿಲೋಮೀಟರ್ ಹಳಿಯ ಮೇಲೆ ಮಾಮೂಲಿ ಪ್ರಯಾಣಿಕರ ರೈಲು 1983ರಲ್ಲೇ ನಿಂತುಹೋಯಿತು. ಹಳಿ ಕೀಳದಂತೆ ಉಳಿಸಿಕೊಂಡ ಆಸಕ್ತರ ಸಂಘವೊಂದು ಬೇಸಿಗೆಯ ತಿಂಗಳುಗಳಲ್ಲಿ ಭಾನುವಾರ ಅಲ್ಲಿ ಹಳೆಯ ಡೀಸೆಲ್ ಗಾಡಿ ಓಡಿಸುತ್ತದೆ. ಸೈಕಲ್ ಹೇರಬಹುದು. ಭಾನುವಾರಕ್ಕೆ ಒಂದೇ ತೊಂದರೆ, ಅಂಗಡಿ ಮುಂಗಟ್ಟು ಪೂರ್ತಿ ಬಂದ್. ಬೇಕರಿಗಳು ಬೆಳಿಗ್ಗೆ ಮೂರ್ನಾಲ್ಕು ತಾಸು ತೆರೆದಿದ್ದರೆ ಅದೇ ಹೆಚ್ಚು. ಎರಡು ಹೊತ್ತಿನ ರೊಟ್ಟಿ, ಬೆಣ್ಣೆ, ಹಣ್ಣು ಶನಿವಾರವೇ ಚೀಲದಲ್ಲಿರಬೇಕು.

ರೈಲಿಗೆ ಹೊತ್ತಿದ್ದರೆ ನಾರ್ಡನ್‌ನ ಲೂಡ್ಗೆರಿ ಚರ್ಚನ್ನು ಬಿಡಬೇಡಿ. ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಉಳಿದಿರುವ ಮಧ್ಯಯುಗದ ಚರ್ಚುಗಳಲ್ಲಿ ಇದೇ ದೊಡ್ಡದು. ಒಳಗಿನ ಆರ್ಗನ್ ವಾದ್ಯವನ್ನು ಆರ್ಪ್ ಶ್ನಿಟ್ಗರ್ 1686ರಿಂದ 1692ರ ನಡುವೆ ಕಟ್ಟಿದ. ಅದನ್ನು ಗೋಡೆಗೆ ಆನಿಸದೆ ಒಂದು ಕಂಬದ ಸುತ್ತ ಬಳಸಿ ಕೂರಿಸಿದ್ದಾನೆ. ಚರ್ಚಿನ ಎರಡು ಭಾಗಕ್ಕೂ ನಾದ ಮುಟ್ಟಲಿ ಎಂದು. ಘಂಟೆಯ ಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ, ಪಕ್ಕದಲ್ಲಿ ಬೇರೆಯೇ ನಿಂತಿದೆ. ಈ ಸೀಮೆಯ ಬಹಳಷ್ಟು ಹಳ್ಳಿಗಳಲ್ಲಿ ಹೀಗೇ. ನೆಲ ಮೆತ್ತಗೆ, ಭಾರದ ಗೋಪುರ ಕುಸಿದರೆ ಚರ್ಚನ್ನೂ ಎಳೆದುಕೊಂಡು ಬೀಳಬಾರದು, ಘಂಟೆ ತೂಗುವಾಗಿನ ಅದುರು ಗೋಡೆಗೆ ತಾಕಬಾರದು. ಅಂಟಿಸಿ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಎಂಡೆನ್ ಹತ್ತಿರದ ಸೂರ್‌ಹೂಸನ್ ಇದೆ. ಅಲ್ಲಿಯ ಗೋಪುರ ಐದು ಡಿಗ್ರಿಗಿಂತ ಹೆಚ್ಚು ವಾಲಿದೆ, ಪೀಸಾ ಗೋಪುರಕ್ಕಿಂತ ಜಾಸ್ತಿ. ಅಡಿಪಾಯಕ್ಕೆ ಹಾಕಿದ ಓಕ್ ಮರದ ದಿಮ್ಮಿಗಳು ಅಂತರ್ಜಲದಲ್ಲಿ ಮುಳುಗಿದ್ದಷ್ಟು ಕಾಲ ಚೆನ್ನಾಗಿದ್ದವು. ಸುತ್ತಲ ಹೊಲಗಳ ನೀರು ಬಸಿದು ಮಟ್ಟ ಇಳಿಸಿದಾಗ ಮರಕ್ಕೆ ಗಾಳಿ ತಾಕಿತು, ಕೊಳೆಯಿತು.

ಡೋರ್ನುಮ್ ನಿಲ್ದಾಣದಿಂದ ಬಾಡಿಗೆ ಮನೆಗೆ ಹೋಗುವ ದಾರಿಯಲ್ಲಿ ರಸ್ತೆ ಬದಿ ಕೆಂಪು ತ್ರಿಕೋನದ ಎಚ್ಚರಿಕೆ ಫಲಕ ಕಂಡಿತು. ಮುಂದೆ ಹತ್ತಾರು ಜನ, ಬೋಸೆಲ್ ಆಟ. ಮುಷ್ಟಿಗಿಂತ ದೊಡ್ಡ ಗಟ್ಟಿ ಚೆಂಡನ್ನು ಓಡಿಬಂದು ಟಾರು ರಸ್ತೆಯ ಮೇಲೆ ಕೆಳಗೈಯಲ್ಲಿ ಉರುಳಿಸುತ್ತಾರೆ. ಗೊತ್ತುಮಾಡಿದ ದೂರವನ್ನು ಕಡಿಮೆ ಎಸೆತದಲ್ಲಿ ಮುಗಿಸಿದ ತಂಡ ಗೆದ್ದಿತು. ರಸ್ತೆಯ ಎರಡೂ ಕಡೆ ಬಸಿಗಾಲುವೆ ಇರುವುದರಿಂದ ಚೆಂಡು ಪದೇ ಪದೇ ನೀರಿಗೆ ಬೀಳುತ್ತದೆ. ಅದಕ್ಕೇ ಒಬ್ಬರು ಉದ್ದ ಕೋಲಿನ ತುದಿಗೆ ತಂತಿಯ ಬುಟ್ಟಿ ಕಟ್ಟಿಕೊಂಡು ಹಿಂದೆಯೇ ನಡೆಯುತ್ತಾರೆ. ನೀರಿನೊಳಗೆ ಚೆಂಡು ಕಾಣುವುದಿಲ್ಲ. ಗುಳ್ಳೆ ಎದ್ದ ಜಾಗ ನೋಡಿಟ್ಟುಕೊಂಡು, ಅದಕ್ಕಿಂತ ಒಂದು ಮೊಳ ಮುಂದೆ ಬುಟ್ಟಿ ಇಳಿಸಿ ತಮ್ಮ ಕಡೆಗೆ ಎಳೆದುಕೊಳ್ಳಬೇಕು. ಸೈಕಲ್ ಇದ್ದರೆ ಇಳಿದು ಕಾಯುವುದು ಮರ್ಯಾದೆ. ‘ಮೋಯಿನ್’ ಅಂದರೆ ಸಾಕು, ದಾರಿ ಬಿಡುತ್ತಾರೆ. ಬೆಳಿಗ್ಗೆಯಾಗಲಿ ರಾತ್ರಿಯಾಗಲಿ ಇಲ್ಲಿ ನಮಸ್ಕಾರಕ್ಕೆ ಅದೊಂದೇ ಮಾತು. ಎರಡು ಸಲ ಅಂದರೆ ವಾಚಾಳಿ ಎಂದು ನಗುತ್ತಾರೆ.

ಮನೆಯೊಡತಿ ಬಂದ ಕೂಡಲೇ ಚಹಾಕ್ಕೆ ಕೂರಿಸಿದರು. ಓಸ್ಟ್‌ಫ್ರೀಸ್‌ಲಾಂಡ್‌ನವರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಕಾಫಿ ದೇಶದ ನಡುವೆ ಇದೊಂದು ಚಹಾ ದ್ವೀಪ. ಮಿಶ್ರಣದಲ್ಲಿ ಹೆಚ್ಚಿನ ಪಾಲು ನಮ್ಮ ಅಸ್ಸಾಮಿನದು. ಮೊದಲು ಪಿಂಗಾಣಿ ಕುಡಿಕೆಗೆ ಬಿಸಿನೀರು ಹಾಕಿ ಚೆಲ್ಲಿದರು. ಕಪ್ಪಿಗೊಂದು ಚಮಚ, ಕುಡಿಕೆಗೆಂದು ಇನ್ನೊಂದು, ಹೀಗೆ ಎಲೆ. ಅದು ಮುಳುಗುವಷ್ಟು ಮಾತ್ರ ಕುದಿನೀರು ಹಾಕಿ ಮೂರರಿಂದ ಐದು ನಿಮಿಷ ಬಿಟ್ಟು, ಆಮೇಲೆ ತುಂಬಿಸಿದರು. ಕಪ್ಪಿನ ತಳಕ್ಕೆ ದೊಡ್ಡ ಕಲ್ಲುಸಕ್ಕರೆ ಹರಳು. ಅದರ ಮೇಲೆ ಬಿಸಿ ಚಹಾ ಬಿದ್ದಾಗ ಹರಳು ಚಟಪಟ ಅನ್ನಬೇಕು. ಅನ್ನದಿದ್ದರೆ ಚಹಾ ಆರಿದೆ ಅಂತ ಲೆಕ್ಕ. ಕೆನೆಯನ್ನು ಪುಟ್ಟ ಸೌಟಿನಿಂದ ಕಪ್ಪಿನ ಅಂಚಿಗೆ ತಾಗಿಸಿ ಇಳಿಸುತ್ತಾರೆ. ಅದು ತಳಕ್ಕೆ ಹೋಗಿ ಮೋಡದ ಹಾಗೆ ಮೇಲೇಳುತ್ತದೆ. ಕೈ ಚಮಚದತ್ತ ಹೋದದ್ದು ಕಂಡು ಆಕೆ, “ಕಲಕಬೇಡಿ, ಹಾಳಾಗುತ್ತದೆ” ಅಂದರು. ಮೊದಲ ಗುಟುಕಿಗೆ ಕೆನೆ, ನಡುವೆ ಒಗರು, ಕೊನೆಗೆ ಸಿಹಿ. ಹರಳು ಒಂದೇ ಕಪ್ಪಿಗೆ ಕರಗುವುದಿಲ್ಲ, ಎರಡನೆಯದಕ್ಕೂ ಉಳಿಯುತ್ತದೆ. ಮೂರು ಕಪ್ಪು ಕುಡಿಯುವುದು ಅತಿಥಿಯ ಹಕ್ಕು, ಹೆಚ್ಚುಕಡಿಮೆ ಕರ್ತವ್ಯವೂ ಹೌದು. ಸಾಕು ಅನಿಸಿದರೆ ಚಮಚವನ್ನು ಕಪ್ಪಿನೊಳಗೆ ಇಡಬೇಕು. ಇಡದಿದ್ದರೆ ಸುಮ್ಮನೆ ತುಂಬುತ್ತಲೇ ಹೋಗುತ್ತಾರೆ.

1770ರ ದಶಕದ ಕೊನೆಯಲ್ಲಿ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ಈ ಚಟ ಬಿಡಿಸಲು ನೋಡಿದ. ಹಣ ಹೊರದೇಶಕ್ಕೆ ಹೋಗುತ್ತದೆ, ಬಿಯರ್ ಕುಡಿಯಿರಿ ಅಂದ. ಜನ ಕಳ್ಳಸಾಗಣೆಯಲ್ಲಿ ತರಿಸಿಕೊಂಡರು, ಕೆಲವೇ ವರ್ಷದಲ್ಲಿ ದೊರೆಯೇ ಸುಮ್ಮನಾದ.

ಎರಡನೇ ದಿನ: ರೆಸ್ಟರ್‌ಹಾಫೆ

ಬಸ್ಸಿಗೆ ಕಾಯುವ ಪ್ರಸಂಗ ಇಲ್ಲಿ ಬಂತು. ನಿಲ್ದಾಣದ ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಆಸುಪಾಸಿಗೆ ಬಸ್ ಇತ್ತು, ಬರಲೇ ಇಲ್ಲ. ಸಮಯದ ಪಕ್ಕದಲ್ಲಿ ಚಿಕ್ಕದಾಗಿ ‘ಎಸ್’ ಅಕ್ಷರವಿದ್ದರೆ ಅದು ಶಾಲೆ ಇರುವ ದಿನಗಳ ಬಸ್. ಶಾಲೆಗೆ ರಜೆ ಇದ್ದರೆ ನಮ್ಮಂಥವರಿಗೂ ರಜೆ. ಹಳ್ಳಿ ಸುತ್ತಲು ಸೈಕಲ್ಲೇ ಸರಿ. ನಕ್ಷೆ ನೋಡಿದರೆ ಎಲ್ಲ ಚಪ್ಪಟೆ, ಆರಾಮ ಅನಿಸುತ್ತದೆ. ಏರು ಇಲ್ಲದ ಊರಿನಲ್ಲಿ ಏರಿನ ಕೆಲಸವನ್ನು ಗಾಳಿ ಮಾಡುತ್ತದೆ. ಹೆಚ್ಚಾಗಿ ನೈಋತ್ಯ ಅಥವಾ ಪಶ್ಚಿಮದಿಂದ ಬೀಸುತ್ತದೆ. ಬೆಳಿಗ್ಗೆ ಮೈಯಲ್ಲಿ ಕಸುವಿರುವಾಗ ಗಾಳಿಗೆ ಎದುರಾಗಿ ಹೋಗಿ, ಸಂಜೆ ಅದನ್ನು ಬೆನ್ನಿಗೆ ಹಾಕಿಕೊಂಡು ಬರುವಂತೆ ದಾರಿ ಹಾಕಿಕೊಳ್ಳಬೇಕು. ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಗಾಲಿಯ ಜೇಡಿ ರಸ್ತೆ ತುಂಬ ಉದುರಿರುತ್ತದೆ. ಮೇಲೆ ಒಂದು ಜಡಿ ಮಳೆ ಬಿದ್ದರೆ ಸೋಪು ಹಚ್ಚಿದಂತೆ. ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು.

ರೆಸ್ಟರ್‌ಹಾಫೆಯಲ್ಲಿ ಪೇಟೆ ಇಲ್ಲ, ಚೌಕ ಇಲ್ಲ. ಇಟ್ಟಿಗೆಯ ಮಧ್ಯಯುಗದ ಚರ್ಚು, ಸುತ್ತ ಸಮಾಧಿಗಳು, ಮರಗಳು, ಅಲ್ಲೊಂದು ಇಲ್ಲೊಂದು ಕೆಂಪು ಹೆಂಚಿನ ತೋಟದ ಮನೆ. ಈ ಭಾಗದ ಹಳ್ಳಿ ಚರ್ಚುಗಳಿಗೆ ಸಾಮಾನ್ಯವಾಗಿ ಬೀಗ. ಕೀಲಿ ಪಕ್ಕದ ಮನೆಯಲ್ಲೋ ಚರ್ಚು ಕಚೇರಿಯಲ್ಲೋ ಇರುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳುವುದು ಕ್ಷೇಮ. ಸೋಮವಾರ ಬೆಳಿಗ್ಗೆ ಸುಮ್ಮನೆ ಬಾಗಿಲು ಬಡಿದರೆ ಯಾರೂ ಸಿಗುವುದಿಲ್ಲ.

ಹೊರಗಿನ ಗೋಡೆ ನೋಡಲು ಕೀಲಿ ಬೇಕಿಲ್ಲ. ಇಲ್ಲಿ ಕಲ್ಲುಗಣಿ ಇಲ್ಲ. ನೆಲದಲ್ಲಿ ಸಿಗುವುದು ಮರಳು, ಜೇಡಿ, ಕೊಳೆತ ಸಸ್ಯದ ಪೀಟ್. ಜೊತೆಗೆ ಹಿಮಯುಗದಲ್ಲಿ ನೀರ್ಗಲ್ಲು ಸ್ಕ್ಯಾಂಡಿನೇವಿಯಾದಿಂದ ಹೊತ್ತು ತಂದ ಗ್ರಾನೈಟ್ ಗುಂಡುಗಳು. ಹಾಗಾಗಿ ಹಳೆಯ ಚರ್ಚುಗಳಿಗೆ ರೈನ್ ನದಿ ಮೇಲಿನಿಂದ ದೋಣಿಯಲ್ಲಿ ಟಫ್ ಕಲ್ಲು (ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು) ತರಿಸುತ್ತಿದ್ದರು. 13ನೇ ಶತಮಾನದಲ್ಲಿ ಇಟ್ಟಿಗೆ ಸುಡುವ ಕಲೆ ಬಂದ ಮೇಲೆ ಕಾಲಡಿಯ ಜೇಡಿಯೇ ಗೋಡೆಯಾಯಿತು. ಆ ಕಾಲದ ಇಟ್ಟಿಗೆ ಈಗಿನದಕ್ಕಿಂತ ಬಹಳ ದೊಡ್ಡದು, ಉದ್ದವೇ ಸುಮಾರು 30 ಸೆಂಟಿಮೀಟರ್, ದಪ್ಪ 8–9. ಗೇಣು ಹಾಕಿ ನೋಡಿದರೆ ಯಾವುದು ಹಳೆಯ ಗೋಡೆ, ಯಾವುದು ಆಮೇಲೆ ತೇಪೆ ಹಾಕಿದ್ದು ಎಂದು ತಿಳಿದುಬಿಡುತ್ತದೆ. ಉತ್ತರದ ಗೋಡೆಯಲ್ಲಿ ಮೇಲೆ ಸಣ್ಣ ಕಮಾನು ಕಿಟಕಿಗಳು, ದಕ್ಷಿಣಕ್ಕೆ ಬೆಳಕಿಗಾಗಿ ಆಮೇಲೆ ಅಗಲಿಸಿದ ಕಿಟಕಿಗಳು: ಓಸ್ಟ್‌ಫ್ರೀಸ್‌ಲಾಂಡ್‌ನ ಚರ್ಚುಗಳಲ್ಲಿ ಈ ವ್ಯತ್ಯಾಸವನ್ನು ಹುಡುಕಬೇಕು.

ಚರ್ಚು ಯಾಕೆ ಯಾವಾಗಲೂ ದಿಬ್ಬದ ಮೇಲೆ? ಸುಮಾರು ಸಾವಿರ ವರ್ಷದ ಹಿಂದೆ ಒಡ್ಡು ಕಟ್ಟಲು ಶುರುಮಾಡುವ ಮೊದಲು ಇಲ್ಲಿಯ ಜನ ಸಗಣಿ, ಜೇಡಿ, ಹುಲ್ಲುಹೆಂಟೆ ಪೇರಿಸಿ ದಿಬ್ಬ ಮಾಡಿ ಅದರ ಮೇಲೆ ಮನೆ ಕಟ್ಟುತ್ತಿದ್ದರು. ಬಿರುಗಾಳಿ ಉಬ್ಬರ ಬಂದಾಗ ಸುತ್ತ ನೀರು, ನಡುವೆ ಮನೆ. ಪ್ರತಿ ತಲೆಮಾರೂ ಒಂದಿಷ್ಟು ಸೇರಿಸಿದ್ದರಿಂದ ದಿಬ್ಬಗಳು ಬೆಳೆಯುತ್ತ ಹೋದವು. ಊರಿನ ಎತ್ತರದ ಜಾಗವನ್ನು ಚರ್ಚಿಗೆ ಕೊಟ್ಟದ್ದು ಭಕ್ತಿಯಿಂದ ಹೌದು, ಎಲ್ಲರೂ ಓಡಿಬಂದು ನಿಲ್ಲಲು ಒಂದು ಜಾಗ ಬೇಕು ಅನ್ನುವ ಲೆಕ್ಕದಿಂದಲೂ ಹೌದು.

ಕಿಟ್ಟೆಲ್ ಅವರ ತಂದೆ ಪಾದ್ರಿ. ಮಗ ಹುಟ್ಟಿದಾಗ ಈ ಸೀಮೆ ಹ್ಯಾನೋವರ್ ರಾಜ್ಯದ ಕೈಯಲ್ಲಿತ್ತು. ಅದಕ್ಕೂ ಮೊದಲು 1744ರಿಂದ ಪ್ರಷ್ಯಾ, ನಡುವೆ ನೆಪೋಲಿಯನ್ ಕಾಲದಲ್ಲಿ ಹಾಲೆಂಡ್, ಫ್ರಾನ್ಸ್, 1815ರ ಮೇಲೆ ಹ್ಯಾನೋವರ್, 1866ರಲ್ಲಿ ಮತ್ತೆ ಪ್ರಷ್ಯಾ. ಹಳ್ಳಿಯವರಿಗೆ ಅರಸರು ಬದಲಾಗುತ್ತಿದ್ದರು, ಬಸಿಗಾಲುವೆ ತೋಡುವ ಸರದಿ ಬದಲಾಗುತ್ತಿರಲಿಲ್ಲ.

ಹೊಲಗಳ ಅಂಚಿನ ಆ ಕಾಲುವೆಗಳನ್ನು ನಿಂತು ನೋಡಬೇಕು. ಜೇಡಿಯಲ್ಲಿ ನೀರು ಇಂಗುವುದಿಲ್ಲ. ಅದಕ್ಕೇ ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯ ನಡುಭಾಗ ಉಬ್ಬಿರುವಂತೆ ಉತ್ತು, ಎರಡು ಪಟ್ಟಿಗಳ ನಡುವೆ ಗೇಣುದ್ದ ಆಳದ ಸಣ್ಣ ಗೀರು ಬಿಡುತ್ತಾರೆ. ಗೀರಿನ ನೀರು ಅಂಚಿನ ಕಾಲುವೆಗೆ, ಅದು ದೊಡ್ಡ ಕಾಲುವೆಗೆ, ಅಲ್ಲಿಂದ ಒಡ್ಡಿನ ತೂಬಿಗೆ. ಬೇಸಿಗೆಯಲ್ಲಿ ಜೊಂಡು, ಪಾಚಿ ಬೆಳೆದು ಕಾಲುವೆ ಕಟ್ಟಿಕೊಳ್ಳುತ್ತದೆ. ಶರತ್ಕಾಲದ ಮಳೆಗೆ ಮೊದಲು ಜಮೀನಿನವರು ತಮ್ಮ ಪಾಲಿನ ಉದ್ದವನ್ನು ಚೊಕ್ಕ ಮಾಡಲೇಬೇಕು, ಆಮೇಲೆ ತಪಾಸಣೆಯವರು ನಡೆದು ನೋಡುತ್ತಾರೆ. ಒಬ್ಬ ಬಿಟ್ಟರೆ ಮೇಲಿನ ಎಲ್ಲರ ಹೊಲದಲ್ಲೂ ನೀರು ನಿಲ್ಲುತ್ತದೆ. ಕಾಲುವೆಯಂಚಿನಲ್ಲಿ ಸಣ್ಣ ಯಂತ್ರದಿಂದ ಜೊಂಡು ಎತ್ತಿ ಹಾಕುತ್ತಿದ್ದ ಹಿರಿಯ ರೈತರನ್ನು ಎತ್ತಿದ್ದನ್ನು ಕೂಡಲೇ ಯಾಕೆ ಸಾಗಿಸುವುದಿಲ್ಲ ಎಂದು ಕೇಳಿದ್ದಕ್ಕೆ, “ಒಂದೆರಡು ದಿನ ಅಂಚಿನಲ್ಲೇ ಬಿದ್ದಿರಲಿ. ಅದರೊಳಗಿನ ಕಪ್ಪೆ, ಮೀನು ವಾಪಸ್ ನೀರಿಗೆ ಹೋಗಬೇಕಲ್ಲ” ಅಂದರು.

ಈ ಜೇಡಿ ನೆಲವನ್ನು ಉಳುವುದು ಹಟದ ಕೆಲಸ. ಹಸಿಯಿದ್ದಾಗ ಉತ್ತರೆ ಅಂಟಾಗಿ ಮೆತ್ತಿಕೊಂಡು, ಒಣಗಿದ ಮೇಲೆ ಹೆಂಟೆ ಕಲ್ಲಾಗುತ್ತದೆ. ಒಣಗಿದಾಗ ನೇಗಿಲೇ ಇಳಿಯುವುದಿಲ್ಲ. ಎರಡರ ನಡುವೆ ಸಿಗುವ ಹದ ಕೆಲವೇ ದಿನ. ಸಮುದ್ರದ ಹತ್ತಿರದ ಹೊಸ ನೆಲದಲ್ಲಿ ಸುಣ್ಣದಂಶ ಇನ್ನೂ ಇರುವುದರಿಂದ ಗೋಧಿ, ರೇಪ್ ಎಣ್ಣೆಕಾಳು ಚೆನ್ನಾಗಿ ಬರುತ್ತವೆ. ಒಳಗಿನ ಹಳೆಯ ನೆಲದಲ್ಲಿ ಸುಣ್ಣ ತೊಳೆದುಹೋಗಿ ಬಿಗಿಯಾಗಿರುತ್ತದೆ, ಅಲ್ಲಿ ದನಗಳಿಗೆ ಹುಲ್ಲು.

ಮನೆಗಳದ್ದು ಇನ್ನೊಂದು ಲೆಕ್ಕ. ಗುಲ್ಫ್ ಮನೆ ಎಂದು ಕರೆಯುವ ಈ ಕಟ್ಟಡದಲ್ಲಿ ಮುಂದೆ ಜನ, ಹಿಂದೆ ಕೊಟ್ಟಿಗೆ, ಎಲ್ಲ ಒಂದೇ ಸೂರಿನಡಿ. ನಡುವೆ ಬೆಂಕಿ ದಾಟದಂತೆ ದಪ್ಪ ಗೋಡೆ. ಹಿಂಭಾಗದಲ್ಲಿ ನಾಲ್ಕು ದೈತ್ಯ ಕಂಬಗಳ ನಡುವಿನ ಅಂಕಣದಲ್ಲಿ ನೆಲದಿಂದ ಮಾಡಿನವರೆಗೆ ಒಣಹುಲ್ಲು ತುಂಬುತ್ತಾರೆ. ದನಗಳು ಅದರ ಬದಿಯ ತಗ್ಗು ಮಾಡಿನ ಕೆಳಗೆ. ಸೂರಿನ ಭಾರ ಕಂಬಗಳದ್ದು, ಹೊರಗೋಡೆ ಬರೀ ಮರೆ. ಅದಕ್ಕೇ ಗೋಡೆ ಬಿರಿದರೂ ಮನೆ ನಿಂತಿರುತ್ತದೆ. ಅಪಾಯವೆಂದರೆ ಅರೆಒಣಗಿದ ಹುಲ್ಲು. ತೇವವಿದ್ದು ಒಟ್ಟಿದರೆ ಒಳಗೆ ಹುದುಗೆದ್ದು ಬಿಸಿಯೇರಿ ವಾರಗಳ ನಂತರ ತಾನಾಗಿ ಹೊತ್ತಿಕೊಳ್ಳುತ್ತದೆ. ಉದ್ದ ಕಬ್ಬಿಣದ ಸಲಾಕೆ ಚುಚ್ಚಿ ಶಾಖ ನೋಡುವುದು ಈಗಲೂ ಇದೆ, ತುದಿಗೆ ಥರ್ಮಾಮೀಟರ್ ಬಂದಿದೆ ಅಷ್ಟೆ.

ಸಸ್ಯಾಹಾರಿಗಳಿಗೆ ರಾತ್ರಿ ಊಟದ ಬಗ್ಗೆ ಒಂದು ಮಾತು. ಹೋಟೆಲಿನ ಹುರಿದ ಆಲೂಗಡ್ಡೆಯಲ್ಲಿ ಹಂದಿಕೊಬ್ಬಿನ ತುಣುಕು ಮಾಮೂಲು. ಹುರುಳಿಕಾಯಿ, ಗ್ರ್ಯೂನ್‌ಕೋಲ್ (ಕೇಲ್) ಸೊಪ್ಪಿನಲ್ಲಂತೂ ಇದ್ದೇ ಇರುತ್ತದೆ. ‘ಸ್ಪೆಕ್ ಬೇಡ’ ಎಂದು ಮೊದಲೇ ಹೇಳಬೇಕು. ಸಿಪ್ಪೆಯೊಂದಿಗೆ ಬೇಯಿಸಿದ ಆಲೂಗಡ್ಡೆಗೆ ಮೊಸರಿನಂಥ ಕ್ವಾರ್ಕ್ ಒಳ್ಳೆಯ ಜೋಡಿ. ದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಚಹಾದ ಜೊತೆ ತಿನ್ನಬಹುದು. ಈ ಸೀಮೆಯ ಹೆಸರು ಹೊತ್ತ ಕೆನೆ ಕೇಕಿನೊಳಗಿನ ಒಣದ್ರಾಕ್ಷಿ ಬ್ರಾಂಡಿಯಲ್ಲಿ ನೆನೆದದ್ದು. ಮಕ್ಕಳ ಕೈಗೆ ಕೊಡುವ ಮೊದಲು ನೆನಪಿರಲಿ.

ಮೂರನೇ ದಿನ: ಒಡ್ಡು, ತೂಬು, ಸೀಗಡಿ

ಡೋರ್ನುಮ್‌ನಿಂದ ಉತ್ತರಕ್ಕೆ ಡೋರ್ನುಮರ್‌ಸೀಲ್ ಬಂದರು. ದಾರಿಯುದ್ದಕ್ಕೂ ಸಮುದ್ರ ಕಾಣುವುದಿಲ್ಲ. ಎದುರಿಗೆ ಹಸಿರು ಗೋಡೆಯಂತೆ ಒಡ್ಡು ಕಾಣುತ್ತದೆ. ಹತ್ತಿ ನಿಂತರೆ ಒಮ್ಮೆಗೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಇಳಿತದ ಹೊತ್ತಾದ್ದರಿಂದ ಆಚೆಗೂ ನೀರಿಲ್ಲ, ದಿಗಂತದವರೆಗೆ ಬೂದು ಕೆಸರು.

ಈ ಕರಾವಳಿಯ ಒಡ್ಡಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 8–9 ಮೀಟರ್. ಒಳಗೆ ಮರಳು, ಮೇಲೆ ಒಂದು ಮೀಟರಿಗಿಂತ ದಪ್ಪ ಜೇಡಿ, ಅದರ ಮೇಲೆ ಹುಲ್ಲು. ಸಮುದ್ರದ ಕಡೆ ಇಳಿಜಾರು ತುಂಬ ಸಾವಕಾಶ. ಅಲೆ ಢಿಕ್ಕಿ ಹೊಡೆಯದೆ ಓಡಿಬಂದು ಸುಸ್ತಾಗಬೇಕು. ಹಳೆಯ ಒಡ್ಡುಗಳು ಕಡಿದಾಗಿದ್ದವು. ಅವು ಒಡೆಯುತ್ತಿದ್ದದ್ದೂ ಹೆಚ್ಚಾಗಿ ಮುಂದಿನಿಂದಲ್ಲ. ಅಲೆ ಮೇಲೆ ಹಾಯ್ದು ಒಳಬದಿಯ ಮಣ್ಣು ಕೊಚ್ಚಿ ಹಿಂದಿನಿಂದ ಕುಸಿಯುತ್ತಿದ್ದವು. ಆದ್ದರಿಂದ ಈಗ ಒಳಬದಿಯ ಇಳಿಜಾರನ್ನೂ ಅಗಲಿಸಿದ್ದಾರೆ.

ಒಡ್ಡಿನ ಮೇಲಿನ ಕುರಿಗಳನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಅವು ಕೆಲಸಕ್ಕೆ ಇರುವವು. ಕುರಿಯ ಚೂಪು ಗೊರಸು ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ, ಹುಲ್ಲನ್ನು ಗಿಡ್ಡ ಮೇಯ್ದು ಬೇರು ದಟ್ಟವಾಗಿಸುತ್ತದೆ, ಇಲಿ ಹೆಗ್ಗಣದ ಬಿಲಗಳನ್ನು ಮುಚ್ಚುತ್ತದೆ. ದನ ಬಿಟ್ಟರೆ ಭಾರಕ್ಕೆ ಗುಂಡಿ ಬೀಳುತ್ತದೆ. ಗೇಟು ದಾಟಿದ ಮೇಲೆ ಮುಚ್ಚಬೇಕು, ನಾಯಿಯನ್ನು ಹಗ್ಗದಲ್ಲಿ ಹಿಡಿಯಬೇಕು. ಒಡ್ಡಿನ ಬುಡದಲ್ಲಿ ಒಂದು ಕಡೆ ಜೊಂಡು, ಕಡ್ಡಿ, ಪ್ಲಾಸ್ಟಿಕ್ಕಿನ ಉದ್ದ ಸಾಲು ಬಿದ್ದಿತ್ತು. ಬಿರುಗಾಳಿ ಉಬ್ಬರ ತಂದು ಹಾಕುವ ಈ ಕಸವನ್ನು ಬೇಗ ಎತ್ತದಿದ್ದರೆ ಕೆಳಗಿನ ಹುಲ್ಲು ಕೊಳೆಯುತ್ತದೆ, ಇಲಿಗಳು ಸೇರಿಕೊಳ್ಳುತ್ತವೆ. ಮುಂದಿನ ಬಿರುಗಾಳಿಗೆ ಅಲ್ಲೇ ಬೋಳು ಮಣ್ಣು ಸಿಗುತ್ತದೆ.

ತೂಬಿನ ಯಂತ್ರ ಎಂದರೆ ಯಂತ್ರವೇ ಇಲ್ಲ. ಒಡ್ಡಿನ ಅಡಿಯ ಸುರಂಗಕ್ಕೆ ಎರಡು ರೆಕ್ಕೆಯ ಬಾಗಿಲು, ಸಮುದ್ರದ ಕಡೆಗೆ ಕೋನವಾಗಿ ನಿಲ್ಲುವಂತೆ. ಉಬ್ಬರ ಏರಿದಾಗ ಸಮುದ್ರದ ನೀರೇ ಬಾಗಿಲು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಮಟ್ಟ ಮೇಲಾಗಿ ತಳ್ಳಿ ತೆರೆಯುತ್ತದೆ. ಎರಡು ಉಬ್ಬರಗಳ ನಡುವೆ 12 ಗಂಟೆ 25 ನಿಮಿಷ, ಏರಿಳಿತ ಸುಮಾರು ಎರಡೂವರೆ ಮೀಟರ್. ಎಡವಟ್ಟಾಗುವುದು ವಾಯವ್ಯದ ಗಾಳಿ ದಿನಗಟ್ಟಲೆ ಬೀಸಿ ಜೊತೆಗೆ ಮಳೆಯೂ ಸುರಿದಾಗ. ಗಾಳಿ ನೀರನ್ನು ದಡಕ್ಕೆ ಒತ್ತಿ ಹಿಡಿಯುತ್ತದೆ, ಇಳಿತ ಇಳಿಯುವುದೇ ಇಲ್ಲ, ಬಾಗಿಲು ತೆರೆಯುವುದಿಲ್ಲ, ಒಳಗೆ ಹೊಲ ತುಂಬುತ್ತದೆ. ಆಗ ಪಂಪು ಮನೆಯೇ ಗತಿ. ನೀರು ಬಸಿದಷ್ಟೂ ಒಳನಾಡಿನ ನೆಲ ಕುಗ್ಗಿ ತಗ್ಗಾಗುತ್ತ ಬಂದಿದೆ, ಹಾಗಾಗಿ ಪಂಪಿನ ಅವಲಂಬನೆ ಹೆಚ್ಚುತ್ತಲೇ ಇದೆ.

1717ರ ಕ್ರಿಸ್‌ಮಸ್ ರಾತ್ರಿ ಈ ಇಡೀ ಏರ್ಪಾಡು ಮುರಿದುಬಿತ್ತು. ಡಿಸೆಂಬರ್ 24ರ ರಾತ್ರಿ ನೈಋತ್ಯದ ಗಾಳಿ ವಾಯವ್ಯಕ್ಕೆ ತಿರುಗಿತು, ಜನ ಮಲಗಿದ್ದರು. ಓಸ್ಟ್‌ಫ್ರೀಸ್‌ಲಾಂಡ್‌ನಲ್ಲೇ 2,700ಕ್ಕೂ ಹೆಚ್ಚು ಜನ ಸತ್ತರು, ಹಾಲೆಂಡಿನಿಂದ ಡೆನ್ಮಾರ್ಕ್‌ವರೆಗೆ ಹತ್ತು ಸಾವಿರಕ್ಕೂ ಮೀರಿ. ಉಳಿದವರಿಗೆ ದನವಿಲ್ಲ, ಹೊಲಕ್ಕೆ ಉಪ್ಪು ಹೊಕ್ಕಿದೆ, ಒಡ್ಡು ಕಟ್ಟಲು ಕೂಲಿಗೆ ಹಣವಿಲ್ಲ. ಹಳೆಯ ಕಾನೂನೊಂದು ಇಲ್ಲಿ ನಿರ್ದಯವಾಗಿತ್ತು: ತನ್ನ ಪಾಲಿನ ಒಡ್ಡು ದುರಸ್ತಿ ಮಾಡಲಾಗದವನು ಅದರ ಮೇಲೆ ಗುದ್ದಲಿ ನೆಟ್ಟು ಹೋಗಬೇಕು. ಆ ಗುದ್ದಲಿಯನ್ನು ಕಿತ್ತವನಿಗೆ ಒಡ್ಡಿನ ಹೊಣೆ, ಜೊತೆಗೆ ಬಿಟ್ಟುಹೋದವನ ಜಮೀನು. ಇವತ್ತು ಜಮೀನುದಾರರ ಸಂಘಗಳು ಚಂದಾ ಎತ್ತಿ ನಿರ್ವಹಣೆ ಮಾಡುತ್ತವೆ, ವಸಂತ ಮತ್ತು ಶರತ್ಕಾಲದಲ್ಲಿ ಒಡ್ಡಿನುದ್ದಕ್ಕೂ ತಪಾಸಣೆ ನಡೆಯುತ್ತದೆ.

ಬಂದರಿನಲ್ಲಿ ಸೀಗಡಿ ದೋಣಿ ಬಂದ ಹೊತ್ತಿಗೆ ಹೋದರೆ ಸಿಪ್ಪೆ ಸಮೇತ ಕೊಳ್ಳಬಹುದು. ಹಿಡಿದ ಕೂಡಲೇ ದೋಣಿಯ ಮೇಲೇ ಸಮುದ್ರದ ನೀರಿನಲ್ಲಿ ಬೇಯಿಸಿರುತ್ತಾರೆ, ಮತ್ತೆ ಬೇಯಿಸಬಾರದು. ಒಂದು ಕಿಲೋದಲ್ಲಿ ತಿನ್ನಲು ಸಿಗುವುದು ಮೂರನೇ ಒಂದು ಭಾಗ. ಸುಲಿಯುವ ರೀತಿ ಹೀಗೆ: ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಬಾಲ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ನಡುವಿನಲ್ಲಿ ಸ್ವಲ್ಪ ತಿರುಚಿ ‘ಟಕ್’ ಅಂದ ಮೇಲೆ ಬಾಲದ ಕಡೆಯ ಚಿಪ್ಪು ಎಳೆಯಬೇಕು. ಚಿಪ್ಪು ಬಂದ ಮೇಲೆ ತಲೆಯಿಂದ ಮಾಂಸ ಬಿಡಿಸಿಕೊಳ್ಳುವುದು. ತಿರುಚುವ ಮೊದಲೇ ಎಳೆದರೆ ಅರ್ಧ ಮಾಂಸ ಚಿಪ್ಪಿನಲ್ಲೇ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಸುಲಿದ ಸೀಗಡಿಯ ಹೆಚ್ಚಿನ ಪಾಲು ಲಾರಿಯಲ್ಲಿ ಮೊರಾಕೋಗೆ ಹೋಗಿ, ಕೂಲಿಗೆ ಸುಲಿಸಿಕೊಂಡು ವಾಪಸ್ ಬಂದದ್ದು. ನಾಲ್ಕು ಹೆಜ್ಜೆ ದೂರದಲ್ಲಿ ಹಿಡಿದದ್ದನ್ನು ತಿನ್ನಬೇಕಿದ್ದರೆ ಉಗುರು ಗಲೀಜು ಮಾಡಿಕೊಳ್ಳಲೇಬೇಕು.

ನಾಲ್ಕನೇ ದಿನ: ಕೆಸರಿನಲ್ಲಿ ನಡೆದು ಬಾಲ್ಟ್ರುಮ್

ನೆಸ್ಮರ್‌ಸೀಲ್‌ನಿಂದ ಬಾಲ್ಟ್ರುಮ್ ದ್ವೀಪಕ್ಕೆ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬಹುದು, ಎರಡೂವರೆಯಿಂದ ಮೂರು ಗಂಟೆ. ಪರವಾನಗಿ ಪಡೆದ ಮಾರ್ಗದರ್ಶಿ ಇಲ್ಲದೆ ಕಾಲಿಡಬಾರದು. ಕೆಸರು ಹೊರಗಿನಿಂದ ಸಮತಟ್ಟು ಕಾಣುತ್ತದೆ. ನಡುವೆ ಪ್ರೀಲ್ ಎಂಬ ತೊರೆಗಳಿವೆ. ಉಬ್ಬರ ತಿರುಗಿದಾಗ ನೀರು ಎದುರಿನಿಂದ ಬರುವುದಿಲ್ಲ, ಈ ತೊರೆಗಳಲ್ಲಿ ತುಂಬಿ ಬೆನ್ನ ಹಿಂದಿನ ದಾರಿಯನ್ನು ಮೊದಲು ಕಟ್ಟುತ್ತದೆ. ಮಂಜು ಕವಿದರೆ ದಡ ಯಾವ ಕಡೆ ಎಂದೇ ತಿಳಿಯುವುದಿಲ್ಲ. ಹೊರಡುವ ಸಮಯ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಡಗಿನದೂ ಅದೇ ಕತೆ, ಅದು ನೀರಿದ್ದಾಗ ಮಾತ್ರ ಓಡುತ್ತದೆ. ವಾಸ್ತವ್ಯ ಕಾಯ್ದಿರಿಸುವ ಮೊದಲು ಉಬ್ಬರದ ಪಟ್ಟಿ ತೆರೆದು ನೋಡಬೇಕು. ನಡಿಗೆ ಬೆಳಿಗ್ಗೆ ಬಿದ್ದು, ಸಂಜೆ ಬೆಳಕಿರುವಾಗ ಹಡಗು ಸಿಗುವ ದಿನ ಎಲ್ಲ ವಾರವೂ ಇರುವುದಿಲ್ಲ.

ರಬ್ಬರ್ ಬೂಟು ಕೆಸರಿನಲ್ಲಿ ಸಿಕ್ಕಿ ಕಾಲು ಮಾತ್ರ ಮೇಲೆ ಬರುತ್ತದೆ. ಬರಿಗಾಲಿಗೆ ಸಿಂಪಿಯ ಚಿಪ್ಪು ಕುಯ್ಯುತ್ತದೆ. ಕಣಕಾಲವರೆಗೆ ಲಾಡಿ ಬಿಗಿಯುವ ಹಳೆಯ ಕ್ಯಾನ್ವಾಸ್ ಶೂ, ದಪ್ಪ ಕಾಲುಚೀಲ, ಮೊಣಕಾಲ ಮೇಲೆ ನಿಲ್ಲುವ ಚಡ್ಡಿ, ಮೇಲೆ ಗಾಳಿ ತಡೆಯುವ ಅಂಗಿ. ಬದಲಿ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆನ್ನಿಗೆ. ದಡದ ಹತ್ತಿರದ ಮೊದಲ ಕಾಲು ಗಂಟೆಯೇ ಕಷ್ಟ, ಅಲ್ಲಿ ಕೆಸರು ಮೊಣಕಾಲುದ್ದ. ಆಮೇಲೆ ಮರಳು ಗಟ್ಟಿಯಾಗುತ್ತದೆ. ಹೂತಾಗ ನಿಲ್ಲಬಾರದು, ಹಿಮ್ಮಡಿ ಮೊದಲು ಎತ್ತಿ ಸಣ್ಣ ಸಣ್ಣ ಹೆಜ್ಜೆ ಹಾಕಬೇಕು. ನಮ್ಮ ಗುಂಪಿನಲ್ಲಿ ಒಂದು ಶೂ ಕೆಸರಿಗೇ ಕಾಣಿಕೆಯಾಯಿತು. ಮಾರ್ಗದರ್ಶಿ ಮೊಣಕೈವರೆಗೆ ಕೈ ಹಾಕಿ ತಡಕಾಡಿ, “ಮುಂದಿನ ವಾರ ತಾನೇ ಮೇಲೆ ಬರುತ್ತದೆ” ಎಂದು ಕೈ ತೊಳೆದುಕೊಂಡರು.

ದಡದ ಹತ್ತಿರ ಎರಡು ಸಾಲು ಗೂಟ ನೆಟ್ಟು ನಡುವೆ ಸೌದೆ ಕಡ್ಡಿಯ ಕಟ್ಟು ತುಂಬಿದ ತಗ್ಗು ಬೇಲಿಗಳು ಕಾಣುತ್ತವೆ. ಅಲೆ ಇದರೊಳಗೆ ಬಂದು ಶಾಂತವಾದಾಗ ನೀರಿನ ಮಣ್ಣು ತಳಕ್ಕೆ ಕೂರುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್. ಸಾಕಷ್ಟು ಏರಿದ ಮೇಲೆ ಮೊದಲು ಬರುವುದು ಉಪ್ಪು ತಡೆಯುವ ಕ್ವೆಲ್ಲರ್ ಗಿಡ, ಶರತ್ಕಾಲದಲ್ಲಿ ಕೆಂಪಗೆ. ಚಿವುಟಿ ಬಾಯಿಗೆ ಹಾಕಿದರೆ ಉಪ್ಪುಪ್ಪು. ಹಿಂದೆ ಹೊಲ ಬೆಳೆಸಲು ಈ ಕೆಲಸ ಮಾಡುತ್ತಿದ್ದರು, ಈಗ ಒಡ್ಡಿನ ಬುಡ ಕಾಯಲು ಮಾತ್ರ. 1986ರಿಂದ ಈ ಕೆಸರು ಕರಾವಳಿ ರಾಷ್ಟ್ರೀಯ ಉದ್ಯಾನ, 2009ರಿಂದ ವಿಶ್ವ ಪರಂಪರೆಯ ತಾಣ.

ಬಾಲ್ಟ್ರುಮ್‌ನಲ್ಲಿ ಕಾರಿಲ್ಲ, ದ್ವೀಪ ಆರೂವರೆ ಚದರ ಕಿಲೋಮೀಟರ್. ಹಡಗಿಗೆ ಕಾಯುವ ಗಂಟೆಗಳು ಅಷ್ಟಕ್ಕೇ ಸರಿಹೋಗುತ್ತವೆ.

ಕೊನೆಯ ದಿನ: ಡೋರ್ನುಮ್ ಪೇಟೆ, ಔರಿಶ್

ಬಸ್ಸಿನವರೆಗೆ ಡೋರ್ನುಮ್ ಪೇಟೆ ಸುತ್ತಿದ್ದು. ಹಿಂದೆ ಇಲ್ಲಿಯ ನಾಯಕರು ಮೂರು ಕೋಟೆ ಕಟ್ಟಿದ್ದರು. ಉಳಿದಿರುವುದು ಕಂದಕದ ನಡುವಿನ ಅರಮನೆ ಮತ್ತು ಬೆನಿಂಗಾಬುರ್ಗ್. ಊರ ಅಂಚಿನ ಗಾಳಿಗಿರಣಿ 1626ರದು. ಈ ಸೀಮೆಯಲ್ಲಿ ಇಂಥದ್ದು ಬೇರೊಂದು ಉಳಿದಿಲ್ಲ. ಬೇರೆ ಗಿರಣಿಗಳಲ್ಲಿ ತಲೆ ಮಾತ್ರ ತಿರುಗಿದರೆ ಇಲ್ಲಿ ಇಡೀ ಮರದ ಮನೆಯೇ ಒಂದು ದಪ್ಪ ನಡುಗಂಬದ ಮೇಲೆ ಕೂತಿದೆ. ಹಿಂಬದಿಗೆ ಚಾಚಿದ ಉದ್ದ ತೊಲೆ ಹಿಡಿದು ದೂಡಿ ರೆಕ್ಕೆಗಳನ್ನು ಗಾಳಿಗೆ ಎದುರು ಮಾಡಬೇಕು. ಗಾಳಿ ಹಿಂದಿನಿಂದ ಹೊಡೆದರೆ ರೆಕ್ಕೆ ಮುರಿಯುತ್ತದೆ, ಅದಕ್ಕೇ ಗಿರಣಿಯವನಿಗೆ ರಾತ್ರಿಯೂ ನಿದ್ದೆ ಗಟ್ಟಿಯಲ್ಲ.

ಪೇಟೆಯ ಮನೆಸಾಲಿನಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಇಟ್ಟಿಗೆ ಕಟ್ಟಡ ಯೆಹೂದಿಯರ ಪ್ರಾರ್ಥನಾ ಮಂದಿರ, 1841ರದು. ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಉಳಿದ ಒಂದೇ ಸಿನಗಾಗ್ ಇದು. ನಾಜಿಗಳು ಸಿನಗಾಗ್‌ಗಳಿಗೆ ಬೆಂಕಿಯಿಟ್ಟ 1938ರ ನವೆಂಬರ್ ದಾಳಿಗೆ ಸ್ವಲ್ಪ ಮೊದಲು ಒಬ್ಬ ಬಡಗಿಗೆ ಮಾರಾಟವಾಗಿತ್ತು, ಆ ಕಾರಣಕ್ಕೆ ಬೆಂಕಿಗೆ ಸಿಗಲಿಲ್ಲ. ಅಲ್ಲಿ ಪ್ರಾರ್ಥಿಸುತ್ತಿದ್ದ ಜನ ಉಳಿಯಲಿಲ್ಲ. ಈಗ ಸ್ಮಾರಕ, ಒಳಗೆ ಪ್ರದರ್ಶನ. ತೆರೆಯುವ ಹೊತ್ತು ಕಡಿಮೆ, ವಾರದ ಯಾವ ದಿನ ಎಂದು ಮೊದಲೇ ನೋಡಿಕೊಂಡು ಹೋಗಬೇಕು.

ಔರಿಶ್ ಬಸ್ಸು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ನೆಲ ತುಸು ಏರುತ್ತದೆ, ಕಾಲುವೆ ಕಡಿಮೆಯಾಗಿ ಮರಗಳು, ಮಣ್ಣದಿಣ್ಣೆಯ ಮೇಲಿನ ಜೀವಂತ ಬೇಲಿಗಳು ಶುರುವಾಗುತ್ತವೆ. ಮರಳು ನೆಲ ಇದು. ಕಿಟ್ಟೆಲ್ ಓದಿದ್ದು ಔರಿಶ್‌ನಲ್ಲಿ. 1850ರಲ್ಲಿ ಬಾಸೆಲ್ ಮಿಷನ್ ಸೇರಲು ಹೊರಟಾಗ ಈ ಕಡೆಗೆ ಇನ್ನೂ ರೈಲು ಬಂದಿರಲಿಲ್ಲ. ಎಂಡೆನ್‌ವರೆಗೆ ಕಾಲುವೆ ಇತ್ತು, ದಂಡೆಯ ಮೇಲೆ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. 1853ರಲ್ಲಿ ಅವರು ಭಾರತಕ್ಕೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಸತ್ತದ್ದು 1903ರಲ್ಲಿ, ಜರ್ಮನಿಯ ಇನ್ನೊಂದು ತುದಿಯ ಟ್ಯೂಬಿಂಗೆನ್‌ನಲ್ಲಿ.

ಎಂಡೆನ್‌ಗೆ ಹೋಗುವ ಆ ಕಾಲುವೆ ಈಗಲೂ ಇದೆ, ಪಕ್ಕದಲ್ಲಿ ಸೈಕಲ್ ದಾರಿ. ಔರಿಶ್‌ಗೆ ಪ್ರಯಾಣಿಕರ ರೈಲು ಇಂದಿಗೂ ಇಲ್ಲ. ಲೇರ್ ಅಥವಾ ಎಂಡೆನ್‌ಗೆ ಬಸ್ ಹಿಡಿದು ಅಲ್ಲಿಂದ ರೈಲು. ಸೈಕಲ್ಲು ಬಾಡಿಗೆಯದಾದರೆ ಡೋರ್ನುಮ್‌ನಲ್ಲೇ ಹಿಂತಿರುಗಿಸಿ ಬನ್ನಿ, ಬಸ್ಸಿನಲ್ಲಿ ಅದಕ್ಕೆ ಜಾಗ ಸಿಗುವುದು ಚಾಲಕರ ಮನಸ್ಸಿಗೆ ಬಿಟ್ಟದ್ದು.